ಬಲ ಎಷ್ಟು, ಯಾರಿಗಾಗಿ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೆಮ್ಮೆ ಇರಲಿ. ಬೇರೆ ನಾಡಿನವರು ಒಂದೆಡೆ ಕೂತು ಏನು ಚರ್ಚಿಸಿದರು, ಎಲ್ಲಿ ಗೆದ್ದರು, ಎಲ್ಲಿ ಎಡವಿದರು ಎಂಬುದನ್ನೂ ತಿಳಿಯೋಣ. ಕೇಂದ್ರ ಸರ್ಕಾರಕ್ಕೆ ಎಷ್ಟು ಬಲ ಇರಬೇಕು ಎಂಬ ಬಗ್ಗೆ ಅಮೆರಿಕದಲ್ಲಿ ಆರಂಭದಲ್ಲೇ ನಡೆದ ವಾದವನ್ನು ಇಂದು ನಿಮ್ಮ ಮುಂದಿಡುತ್ತೇನೆ.

1776ರಲ್ಲಿ 13 ವಸಾಹತುಗಳು ಬ್ರಿಟನ್ನಿನ ಅರಸನ ಆಳ್ವಿಕೆಯನ್ನು ಕಿತ್ತೊಗೆದವು. ದೂರದ ಅಧಿಕಾರದಿಂದ ನೊಂದಿದ್ದ ಜನ, 1781ರಲ್ಲಿ ಜಾರಿಗೆ ಬಂದ ತಮ್ಮ ಮೊದಲ ಒಕ್ಕೂಟ ಒಪ್ಪಂದದಲ್ಲಿ ಕೇಂದ್ರವನ್ನು ಬೇಕೆಂದೇ ದುರ್ಬಲವಾಗಿಟ್ಟರು. ಕೇಂದ್ರದ ಸಭೆಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಹಣ ಬೇಕಾದರೆ ರಾಜ್ಯಗಳನ್ನು ಕೇಳಬೇಕು. ಒಪ್ಪಂದ ತಿದ್ದಲು 13 ರಾಜ್ಯಗಳೂ ಒಪ್ಪಬೇಕು. ಆಮದು ಸರಕಿನ ಮೇಲೆ ಶೇ. 5ರಷ್ಟು ಸುಂಕ ಹಾಕುವ ಪ್ರಸ್ತಾಪ ಬಂದಾಗ, 1782ರಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯ ಒಲ್ಲೆ ಎಂದಿತು. ಪ್ರಸ್ತಾಪ ಬಿದ್ದುಹೋಯಿತು. ಸ್ವಾತಂತ್ರ್ಯಕ್ಕೆ ಹೋರಾಡಿದ ಸೈನಿಕರ ಸಂಬಳವೇ ಬಾಕಿ ಉಳಿಯಿತು.

1786ರಲ್ಲಿ ಮ್ಯಾಸಚೂಸೆಟ್ಸ್‌ನ ರೈತರು ಸಾಲ ಮತ್ತು ತೆರಿಗೆಯ ಭಾರ ತಾಳಲಾರದೆ ದಂಗೆ ಎದ್ದರು. ಮುಂದಾಳುಗಳಲ್ಲೊಬ್ಬ ಡೇನಿಯಲ್ ಶೇಸ್, ಅದೇ ಸ್ವಾತಂತ್ರ್ಯ ಯುದ್ಧದಲ್ಲಿ ಕಾದಾಡಿದವನು. ಈ ದಂಗೆ ಉಳ್ಳವರನ್ನು ಬೆಚ್ಚಿಬೀಳಿಸಿತು. ಗಟ್ಟಿ ಕೇಂದ್ರ ಬೇಕೆಂಬ ಕೂಗು ಜೋರಾಯಿತು.

1787ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಫಿಲಡೆಲ್ಫಿಯಾದಲ್ಲಿ 12 ರಾಜ್ಯಗಳ 55 ಪ್ರತಿನಿಧಿಗಳು ಸೇರಿ ಹೊಸ ಸಂವಿಧಾನ ಬರೆದರು. ರೋಡ್ ಐಲೆಂಡ್ ಬರಲೇ ಇಲ್ಲ. ಸಂವಿಧಾನ ಜಾರಿಯಾಗಲು 9 ರಾಜ್ಯಗಳು ಒಪ್ಪಬೇಕಿತ್ತು. ನಿಜವಾದ ವಾದ ಶುರುವಾದದ್ದು ಆಗ.

ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು ಒಂದೇ ಗುಪ್ತನಾಮದಲ್ಲಿ 85 ಲೇಖನ ಬರೆದು ಹೊಸ ಸಂವಿಧಾನವನ್ನು ಸಮರ್ಥಿಸಿದರು. ಮ್ಯಾಡಿಸನ್‌ರ ವಾದ ಹೀಗಿತ್ತು: ಸಣ್ಣ ಪ್ರದೇಶದಲ್ಲಿ ಒಂದು ಗುಂಪು ಬಹುಮತ ಪಡೆದು ಉಳಿದವರನ್ನು ತುಳಿಯುವುದು ಸುಲಭ. ದೊಡ್ಡ ದೇಶದಲ್ಲಿ ನೂರೆಂಟು ಹಿತಾಸಕ್ತಿಗಳಿರುವುದರಿಂದ ಅದು ಕಷ್ಟ. ವಿರೋಧಿಗಳದ್ದು ಬೇರೆ ಭಯ: ಅಷ್ಟು ದೊಡ್ಡ ದೇಶದ ಪ್ರತಿನಿಧಿ ತನ್ನ ಜನರನ್ನೇ ಅರಿಯದವನಾಗುತ್ತಾನೆ; ತೆರಿಗೆ, ಸೈನ್ಯ, ನ್ಯಾಯಾಲಯ ಮೂರೂ ಕೈಯಲ್ಲಿದ್ದರೆ ಕೇಂದ್ರ ರಾಜ್ಯಗಳನ್ನು ನುಂಗುತ್ತದೆ; ಪ್ರಜೆಯ ಹಕ್ಕುಗಳ ಪಟ್ಟಿ ಎಲ್ಲಿ? ವರ್ಜೀನಿಯಾದಲ್ಲಿ ಪ್ಯಾಟ್ರಿಕ್ ಹೆನ್ರಿ ಹೀಗೇ ಗುಡುಗಿದರು.

ಎರಡೂ ಕಡೆ ಸತ್ಯವಿತ್ತು. ನಾಲೆಯ ಕೆಲಸ ಮಾಡಿದವನಾಗಿ ನನಗೆ ಹೀಗೆ ತೋರುತ್ತದೆ: ಮೇಲಿನ ಗೇಟು ನಡೆಸುವವನಿಗೆ ಅಧಿಕಾರವೇ ಇಲ್ಲದಿದ್ದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಎಲ್ಲವೂ ಅವನ ಕೈಯಲ್ಲೇ ಇದ್ದರೆ ಕೊನೆಯ ಹೊಲದ ರೈತ ಅವನ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು.

ಗೆಲುವಿನ ಅಂತರ ಸಣ್ಣದು. ಮ್ಯಾಸಚೂಸೆಟ್ಸ್‌ನಲ್ಲಿ 187ಕ್ಕೆ 168, ವರ್ಜೀನಿಯಾದಲ್ಲಿ 89ಕ್ಕೆ 79, ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ಸಂವಿಧಾನ ಜಾರಿಯಾಯಿತು. ಆದರೆ ಸೋತವರ ಮಾತನ್ನು ಗೆದ್ದವರು ಕಸಕ್ಕೆ ಹಾಕಲಿಲ್ಲ. 1791ರಲ್ಲಿ 10 ತಿದ್ದುಪಡಿಗಳು ಸೇರಿ ವಾಕ್ ಸ್ವಾತಂತ್ರ್ಯ, ಧರ್ಮ ಸ್ವಾತಂತ್ರ್ಯಗಳು ಲಿಖಿತ ಹಕ್ಕುಗಳಾದವು. ಇಂದು ಲೋಕ ಕೊಂಡಾಡುವ ಆ ಭಾಗ ಸೋತವರ ಹಟದ ಫಲ.

ಇನ್ನು ಕಹಿ ಮಾತು. ಆ 55 ಜನರಲ್ಲಿ ಒಬ್ಬ ಹೆಣ್ಣಿಲ್ಲ, ಒಬ್ಬ ಕರಿಯನಿಲ್ಲ. ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ 5 ಗುಲಾಮರನ್ನು 3 ಜನರೆಂದು ಎಣಿಸಿದರು. ಮತ ಗುಲಾಮನಿಗಿಲ್ಲ, ಲಾಭ ಒಡೆಯನ ರಾಜ್ಯಕ್ಕೆ. ಹೊರದೇಶದಿಂದ ಗುಲಾಮರನ್ನು ತರುವುದನ್ನು 1808ರವರೆಗೆ ನಿಷೇಧಿಸದಂತೆ ಕೇಂದ್ರದ ಕೈ ಕಟ್ಟಿದರು. ಹಕ್ಕುಗಳ ಪಟ್ಟಿ ಇಲ್ಲವೆಂದು ಸಹಿ ಹಾಕಲು ಒಪ್ಪದ ಜಾರ್ಜ್ ಮೇಸನ್, ಗುಲಾಮರ ವ್ಯಾಪಾರವನ್ನು ಸಭೆಯಲ್ಲೇ ಖಂಡಿಸಿದರು. ಅವರ ಮನೆಯಲ್ಲೇ ಗುಲಾಮರಿದ್ದರು! ನುಡಿ ಒಂದು, ನಡೆ ಇನ್ನೊಂದು.

ಮುಂದೆ ದಕ್ಷಿಣದ ರಾಜ್ಯಗಳು ರಾಜ್ಯಗಳ ಹಕ್ಕಿನ ಹೆಸರಿನಲ್ಲಿ ಗುಲಾಮಗಿರಿಯನ್ನು ಕಾಪಾಡಿಕೊಂಡವು. ಅದೇ ರಾಜ್ಯಗಳಿಗಾಗಿ ಕೇಂದ್ರವು 1850ರ ಕಾಯ್ದೆಯಿಂದ, ಉತ್ತರಕ್ಕೆ ಓಡಿಬಂದ ಗುಲಾಮರನ್ನು ಹಿಡಿದುಕೊಡುವಂತೆ ಮಾಡಿತು. ಕೊನೆಗೆ ಭೀಕರ ಅಂತರ್ಯುದ್ಧದ ನಂತರ 1865ರಲ್ಲಿ ಗುಲಾಮಗಿರಿಯನ್ನು ಅಳಿಸಿದ್ದೂ ಕೇಂದ್ರದ ಬಲವೇ. ಅಧಿಕಾರ ಮೇಲಿದ್ದರೆ ಒಳ್ಳೆಯದು, ಕೆಳಗಿದ್ದರೆ ಒಳ್ಳೆಯದು ಎಂಬ ನಿಯಮವಿಲ್ಲ. ಅದು ಯಾರನ್ನು ಕಾಯುತ್ತಿದೆ ಎಂದು ಪ್ರತಿ ಸಲವೂ ಕೇಳಬೇಕು.

ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನವರನ್ನು ಆಯ್ದಕ್ಕಿ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ್ದು ನಮಗೆಲ್ಲ ಗೊತ್ತು. ಅಧಿಕಾರಕ್ಕೂ ಅದೇ ಅಳತೆ: ಕೆಲಸಕ್ಕೆ ಬೇಕಾದಷ್ಟು ಇರಲಿ, ಮಿಕ್ಕದ್ದು ಹಿಂದಕ್ಕೆ ಹೋಗಲಿ.

ನಮ್ಮ ಸಂಘಗಳನ್ನೂ ಮಠಗಳನ್ನೂ ಒಂದೇ ಸಂಸ್ಥೆಯಡಿ ತರಬೇಕೆಂಬ ಮಾತು ಆಗಾಗ ಬರುತ್ತದೆ. ಬರಲಿ, ಚರ್ಚೆಯಾಗಲಿ. ಒಪ್ಪದವರ ಮಾತನ್ನೂ ನಡಾವಳಿಯಲ್ಲಿ ಬರೆದಿಡೋಣ. ಅದಕ್ಕೂ ಮೊದಲು, ಸಭೆಯಲ್ಲಿ ಯಾರು ಕೂತಿದ್ದಾರೆ ಎಂದು ಸುತ್ತ ನೋಡೋಣ. ಅಂಬಿಗರ ಚೌಡಯ್ಯ, ಲಕ್ಕಮ್ಮ ಕೂತಿದ್ದರಿಂದಲೇ ಅದು ಅನುಭವ ಮಂಟಪವಾಯಿತು. ಅವರ ಪೀಠ ಖಾಲಿಯಿಟ್ಟು ಎಂಥ ನಿಯಮಾವಳಿ ಬರೆದರೂ ಫಿಲಡೆಲ್ಫಿಯಾದ ತಪ್ಪೇ ನಮ್ಮದೂ ಆಗುತ್ತದೆ.