ಎತ್ತರಿಸಿದ ಜೀಪು, ಸವೆದ ಬುಶ್
(ಸಿರುಗುಪ್ಪ ತಾಲ್ಲೂಕಿನ ರಾರಾವಿಯಲ್ಲಿ ರೈತರ ಸಭೆಯಲ್ಲಿ ನೀಡಿದ ಭಾಷಣ)



ಬೇಸಾಯ ಶಾಸ್ತ್ರದವನು ತಳಿ, ಗೊಬ್ಬರ, ಕಳೆಗಳ ಮಾತು ಬಿಟ್ಟು ಜೀಪಿನ ಬುಶ್ ವಿಷಯ ಎತ್ತಿಕೊಂಡನಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಬೇಸಾಯದಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಆಗುವುದೇ ಅರ್ಧ ಬೆಳೆ. ಕಾಲುವೆಗೆ ನೀರು ಬಂದು, ಮಡಿಯಿಂದ ಸಸಿ ಕಿತ್ತು ಕಟ್ಟಿಟ್ಟ ದಿನ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಸಸಿ ಬಾಡುತ್ತದೆ, ಆಳಿನ ಕೂಲಿ ದಂಡವಾಗುತ್ತದೆ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಗೊಬ್ಬರದ ಚೀಲ ಹೊರುವ ಜೀಪಿನಲ್ಲಿಯೇ ಮನೆಯ ಹೆಂಗಸರು ಮಕ್ಕಳೂ ಕೂಡುತ್ತಾರೆ. ಕಾಲುವೆ ಏರಿಯ ಮೇಲೆ ಜೀಪು ಒಂದು ಮೊಳ ಪಕ್ಕಕ್ಕೆ ಎಳೆದರೂ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ.

ಬುಶ್ ಎಂದರೇನು?

ಎತ್ತಿನ ಬಂಡಿಯನ್ನು ನೆನಪಿಗೆ ತಂದುಕೊಳ್ಳಿ. ಗಾಲಿಯ ಗುಂಬಕ್ಕೂ ಅಚ್ಚಿಗೂ ನಡುವೆ ಒಂದು ಕಬ್ಬಿಣದ ಬಳೆ, ಅದಕ್ಕೆ ಕೀಲೆಣ್ಣೆ. ಸವೆಯುವುದಿದ್ದರೆ ಬಳೆ ಸವೆಯಲಿ, ಅಚ್ಚು ಉಳಿಯಲಿ ಎಂಬುದು ಹಿರಿಯರ ಲೆಕ್ಕ. ಜೀಪಿನ ಬುಶ್ ಕೂಡ ಇದೇ ಕೆಲಸ ಮಾಡುತ್ತದೆ. ಕಮಾನು ಪಟ್ಟಿಯ ತುದಿಯಲ್ಲಿ ಸುರುಳಿ ಸುತ್ತಿದ ಕಣ್ಣು ಇರುತ್ತದೆ. ಆ ಕಣ್ಣಿಗೂ ಅದರೊಳಗೆ ಹಾಯುವ ಬೋಲ್ಟಿಗೂ ನಡುವೆ ಬುಶ್ ಕೂತಿರುತ್ತದೆ. ಕಮಾನಿನ ಒಂದು ತುದಿ ಚಾಸಿಗೆ ನೇರವಾಗಿ ಸೇರಿದ್ದರೆ, ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುವ ಪಟ್ಟಿಗಳ ಮೂಲಕ ಸೇರುತ್ತದೆ.

ಬುಶ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಲೋಹದ ಬುಶ್ ತಿರುಗುತ್ತದೆ. ಅದಕ್ಕೆ ಗ್ರೀಸು ಬೇಕು. ರಬ್ಬರ್ ಬುಶ್ ತಿರುಗುವುದಿಲ್ಲ; ಬೋಲ್ಟ್ ಬಿಗಿಯಾಗಿ ಹಿಡಿದಿದ್ದು ರಬ್ಬರು ತಾನೇ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಗ್ರೀಸು, ಡೀಸೆಲ್, ಸುಟ್ಟ ಎಣ್ಣೆ ಯಾವುದನ್ನೂ ಹಚ್ಚಬಾರದು. ರಬ್ಬರು ಉಬ್ಬಿ ಕೊಳೆಯುತ್ತದೆ. ನಿಮ್ಮ ಗಾಡಿಯಲ್ಲಿ ಯಾವ ಬಗೆಯ ಬುಶ್ ಇದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ಎತ್ತರಿಸಿದರೆ ಆಗುವುದೇನು?

ನಮ್ಮ ಎರೆಭೂಮಿ ಮಳೆಗಾಲದಲ್ಲಿ ಗಾಲಿಯನ್ನು ಹಿಡಿದು ಬಿಡುವುದಿಲ್ಲ. ಗದ್ದೆಯ ದಾರಿಯಲ್ಲಿ ತಳ ತಾಗದಿರಲೆಂದು ಕಮಾನಿಗೆ ಹೆಚ್ಚಿನ ಪಟ್ಟಿ ಸೇರಿಸುವುದು, ಉದ್ದನೆಯ ಶ್ಯಾಕಲ್ ಹಾಕಿಸುವುದು, ದೊಡ್ಡ ಟೈರು ತೊಡಿಸುವುದು ಉಂಟು. ಇದರಲ್ಲಿ ಒಂದು ತಪ್ಪು ಎಣಿಕೆ ಇದೆ. ಮುಂದೆ ಹಿಂದೆ ಇಡಿಯಾದ ಅಚ್ಚು ಇರುವ ಹಳೆಯ ಮಾದರಿಯ ಜೀಪಿನಲ್ಲಿ ಕಮಾನು ಎತ್ತರಿಸಿದರೆ ಚಾಸಿ ಮಾತ್ರ ಮೇಲೇಳುತ್ತದೆ. ಕೆಸರಿನಲ್ಲಿ ಮೊದಲು ತಾಗುವ ಡಿಫರೆನ್ಷಿಯಲ್ ಉಂಡೆ ಇದ್ದಲ್ಲಿಯೇ ಇರುತ್ತದೆ. ಅಂದರೆ ಖರ್ಚು ಮಾಡಿದಷ್ಟು ಲಾಭ ಕೆಸರಿನಲ್ಲಿ ಸಿಗುವುದಿಲ್ಲ.

ನಷ್ಟವೆಲ್ಲ ಬುಶ್ ಮೇಲೆ ಬೀಳುತ್ತದೆ. ಪಟ್ಟಿ ಹೆಚ್ಚಾದ ಕಮಾನು ಬಿರುಸಾಗುತ್ತದೆ. ತಾನು ನುಂಗಬೇಕಾದ ಏಟನ್ನು ನೇರವಾಗಿ ಕಣ್ಣಿಗೆ ದಾಟಿಸುತ್ತದೆ. ಶ್ಯಾಕಲ್ ಉದ್ದವಾದಷ್ಟೂ ಪಕ್ಕದ ಎಳೆತ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಕೇಡು ಇನ್ನೊಂದು. ಎತ್ತರಿಸುವಾಗ ಬೋಲ್ಟನ್ನು ಸಡಿಲಿಸಿ ಮತ್ತೆ ಸರಿಯಾಗಿ ಬಿಗಿಯದಿದ್ದರೆ ರಬ್ಬರು ಹಗಲಿರುಳೂ ತಿರುಚಿಕೊಂಡೇ ಇರುತ್ತದೆ. ನಿಂತ ಗಾಡಿಯಲ್ಲೂ ಅದಕ್ಕೆ ಬಿಡುವಿಲ್ಲ. ಅಂಥ ಬುಶ್ ಬಲುಬೇಗ ಹರಿಯುತ್ತದೆ.

ಬುಶ್ ಹೋದ ಮೇಲೆ ಬೋಲ್ಟು, ಕಮಾನಿನ ಕಣ್ಣು, ಚಾಸಿಯ ಬ್ರಾಕೆಟ್ಟು ಒಂದರ ಹಿಂದೊಂದು ಸವೆಯುತ್ತವೆ. ಅಚ್ಚು ಅತ್ತಿತ್ತ ಸರಿದು ಟೈರು ಓರೆಯಾಗಿ ತೇಯುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಕಾಲ ಆಗ ಬರುತ್ತದೆ.

ಗುರುತಿಸುವುದು ಹೇಗೆ?

ಹಳ್ಳ ದಿಣ್ಣೆಯಲ್ಲಿ, ಬ್ರೇಕು ಒತ್ತಿದಾಗ ಕೆಳಗಿನಿಂದ 'ಟಕ್' ಎಂಬ ಸದ್ದು; ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಗಾಡಿ ಎಳೆಯುವುದು; ನೇರ ರಸ್ತೆಯಲ್ಲೂ ಸ್ಟಿಯರಿಂಗನ್ನು ತಿದ್ದುತ್ತಲೇ ಇರಬೇಕಾಗುವುದು. ಇವು ಮೊದಲ ಲಕ್ಷಣಗಳು.

ಅನಂತರ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಕಮಾನಿನ ಕಣ್ಣುಗಳನ್ನು ತೊಳೆದು ನೋಡಿ. ಬೋಲ್ಟ್ ಕಣ್ಣಿನ ನಟ್ಟನಡುವೆ ಇಲ್ಲದೆ ಒಂದು ಬದಿಗೆ ಕೂತಿದ್ದರೆ ರಬ್ಬರು ಸವೆದಿದೆ ಎಂದೇ ಅರ್ಥ. ಕರಿಯ ರಬ್ಬರ್ ಪುಡಿ, ಬಿರುಕು, ತುಕ್ಕಿನ ಕೆಂಪು ಹುಡಿ ಕಂಡರೂ ಹಾಗೆಯೇ. ಕಣ್ಣಿಗೂ ಬ್ರಾಕೆಟ್ಟಿಗೂ ನಡುವೆ ಸಣ್ಣ ಹಾರೆ ತೂರಿಸಿ ಮೀಟಿ. ರಬ್ಬರು ತುಸು ಬಳುಕಿ ಹಿಂದಕ್ಕೆ ಬಂದರೆ ಚಿಂತೆಯಿಲ್ಲ. ಲೋಹಕ್ಕೆ ಲೋಹ ಬಡಿದ ಸದ್ದು ಬಂದರೆ ತಡಮಾಡಬೇಡಿ.

ಬದಲಾಯಿಸುವ ಕ್ರಮ

ಈ ಕೆಲಸ ಬಲ್ಲ ಮೆಕ್ಯಾನಿಕ್ಕರಿಂದ ಮಾಡಿಸುವುದೇ ಲೇಸು. ಆದರೆ ಎದುರಿಗೆ ನಿಂತು ಈ ಅಂಶಗಳನ್ನು ಗಮನಿಸಿ.

1. ಜಾಕಿಯೊಂದನ್ನೇ ನಂಬಿ ಯಾರೂ ಕೆಳಗೆ ತೂರಬಾರದು. ಎರೆ ಮಣ್ಣಿನಲ್ಲಿ ಜಾಕಿ ಇಳಿಯುತ್ತದೆ. ಗಟ್ಟಿ ನೆಲವೇ ಆಗಬೇಕು. ಚಾಸಿಗೆ ಸ್ಟ್ಯಾಂಡ್ ಕೊಡಲೇಬೇಕು.

2. ಹಳೆಯ ಬುಶ್ ತೆಗೆಯಲು ಕಮಾನಿನ ಕಣ್ಣಿಗೆ ಬೆಂಕಿ ಹಿಡಿಯಬಾರದು. ಕಾಯಿಸಿದರೆ ಕಮಾನಿನ ಉಕ್ಕಿನ ಹದ ಕೆಡುತ್ತದೆ, ರಬ್ಬರಿನ ಹೊಗೆಯೂ ಕೆಟ್ಟದ್ದು. ಪ್ರೆಸ್ಸಿನಿಂದ, ಇಲ್ಲವೆ ಉದ್ದನೆಯ ಬೋಲ್ಟ್ ಮತ್ತು ಕೊಳವೆಯ ತುಂಡಿನಿಂದ ಎಳೆದು ತೆಗೆಯಬಹುದು.

3. ಕಣ್ಣಿನ ಒಳಗಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ತೆಗೆಯಬೇಕು. ಹೊರಗವಚವಿಲ್ಲದ ರಬ್ಬರ್ ಬುಶ್ ಜಾರಲು ಸಾಬೂನಿನ ನೀರು ಸಾಕು. ಹೊರಗೆ ಲೋಹದ ಕವಚವಿರುವ ಬುಶ್ ಆದರೆ ಕವಚದ ಅಂಚನ್ನೇ ಒತ್ತಬೇಕು; ಒಳಕೊಳವೆಯನ್ನು ಬಡಿದರೆ ಹೊಸ ರಬ್ಬರು ಅಲ್ಲಿಯೇ ಹರಿಯುತ್ತದೆ.

4. ಎಡಗಡೆಯದು ಹೋಗಿದ್ದರೆ ಬಲಗಡೆಯದನ್ನೂ ಬದಲಾಯಿಸಿ. ಜೋಡೆತ್ತಿನಲ್ಲಿ ಒಂದು ಮುಂದೆ, ಒಂದು ಹಿಂದೆ ಎಳೆದರೆ ಬಂಡಿ ನೇರ ಹೋಗದು. ತೇದ ಬೋಲ್ಟನ್ನು ಮತ್ತೆ ಹಾಕಬೇಡಿ.

5. ರಬ್ಬರ್ ಬುಶ್ ಬೋಲ್ಟಿನ ಕೊನೆಯ ಬಿಗಿತವನ್ನು ಗಾಲಿ ನೆಲಕ್ಕಿಳಿಸಿ, ಗಾಡಿಯ ಭಾರ ಕಮಾನಿನ ಮೇಲೆ ಬಿದ್ದ ಮೇಲೆಯೇ ಮಾಡತಕ್ಕದ್ದು. ಗಾಲಿ ತೂಗಾಡುವಾಗ ಬಿಗಿದರೆ ಹೊಸ ಬುಶ್ ಕೂಡ ತಿರುಚಿಕೊಂಡೇ ಬಾಳುತ್ತದೆ. ಈಗಾಗಲೇ ಎತ್ತರಿಸಿದ ಜೀಪಿಗೂ ಇದೇ ಮಾತು: ಬುಶ್ ಇನ್ನೂ ಚೆನ್ನಾಗಿದ್ದರೆ ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ನಾಲ್ಕು ಸಲ ಕುಲುಕಿ, ಮತ್ತೆ ಬಿಗಿಸಿ. ಖರ್ಚಿಲ್ಲದೆ ಬುಶ್‌ನ ಆಯುಷ್ಯ ಹೆಚ್ಚುತ್ತದೆ.

6. ಕೆಲವು ದಿನ ಓಡಿಸಿದ ಮೇಲೆ ಈ ಬೋಲ್ಟುಗಳನ್ನೂ ಯು ಬೋಲ್ಟ್ ನಟ್ಟುಗಳನ್ನೂ ಇನ್ನೊಮ್ಮೆ ನೋಡಬೇಕು.

ಲೋಹದ ಬುಶ್ ಇರುವವರು ಕೆಸರಿನ ಕೆಲಸ ಮುಗಿದ ಕೂಡಲೆ, ಹಳೆಯ ಗ್ರೀಸು ಮರಳು ಸಮೇತ ಹೊರಬರುವ ತನಕ ಹೊಸ ಗ್ರೀಸು ಒತ್ತಬೇಕು. ಹಗರಿಯ ಮರಳು, ಎರೆ ಮಣ್ಣು ಒಳಗೆ ಉಳಿದರೆ ಸಾಣೆಕಲ್ಲಿನಂತೆ ಲೋಹವನ್ನು ತೇಯುತ್ತವೆ. ಟ್ರ್ಯಾಕ್ಟರಿನ ಮುಂದಿನ ಅಚ್ಚಿನ ನಡುಪಿನ್ನಿನ ಬುಶ್ಶಿಗೂ ಟ್ರೈಲರಿನ ಕಮಾನಿಗೂ ಇದೇ ಆರೈಕೆ ಸಲ್ಲುತ್ತದೆ.

ಎತ್ತರಿಸಲೇಬೇಕೆ?

ಎತ್ತರಿಸಿದ ಗಾಡಿಯ ಭಾರದ ನಡು ಮೇಲಕ್ಕೆ ಹೋಗುತ್ತದೆ. ಏರಿಯ ಇಳಿಜಾರಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಾಗಿ ಅದರ ಕ್ರಾಸುಗಳೂ ಬೇಗ ಸವೆಯುತ್ತವೆ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ಹೊಸದಾಗಿ ಎತ್ತರಿಸಲು ಹೊರಟವರಿಗೆ ನನ್ನ ಸಲಹೆ: ಆ ಹಣದಲ್ಲಿ ಒಳ್ಳೆಯ ಹಲ್ಲಿನ, ಮೂಲ ಅಳತೆಯ ಟೈರು ಹಾಕಿಸಿ, ಕುಸಿದ ಕಮಾನನ್ನು ಮೂಲದ ಎತ್ತರಕ್ಕೆ ತರಿಸಿ, ಬುಶ್‌ಗಳನ್ನು ಹೊಸದು ಮಾಡಿಸಿ. ಹೊಲದ ದಾರಿಗೆ ಮೊರಂ ಹಾಕಿಸಿದರೆ ಊರಿನ ಎಲ್ಲ ಗಾಡಿಗಳಿಗೂ ಲಾಭ. ಈಗಾಗಲೇ ಎತ್ತರಿಸಿಕೊಂಡವರು ಮೂಲ ಸ್ಥಿತಿಗೆ ತರಿಸುವುದೇ ಮೇಲು. ಅಲ್ಲಿಯ ತನಕ ತಿಂಗಳಿಗೊಮ್ಮೆ ಹಾರೆ ಹಾಕಿ ಬುಶ್ ನೋಡುವುದನ್ನು ತಪ್ಪಿಸಬೇಡಿ.

ಬೇಸಿಗೆಯಲ್ಲಿ ನೇಗಿಲು, ಕುಂಟೆ ಸರಿಪಡಿಸುವ ವಾಡಿಕೆ ನಮ್ಮಲ್ಲಿ ಮೊದಲಿನಿಂದ ಇದೆ. ಅದೇ ಪಟ್ಟಿಗೆ ಜೀಪಿನ ಬುಶ್ ಅನ್ನೂ ಸೇರಿಸಿಕೊಳ್ಳಿ. ಕಾಲುವೆಗೆ ನೀರು ಬರುವ ಮೊದಲೇ ಈ ಕೆಲಸ ಮುಗಿದಿರಲಿ.