ಹಳೆಯ ಜೀಪಿನ ಗೇರುಪೆಟ್ಟಿಗೆಗೆ ಯಾವ ಎಣ್ಣೆ?

ಕಾರವಾರದಿಂದ ಅಂಕೋಲೆಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಿಣಗಾ, ಅರ್ಗಾಗಳನ್ನು ದಾಟಿದರೆ ಚೆಂಡಿಯಾ ಸಿಗುತ್ತದೆ. ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಕಾಡು ಹೊದ್ದ ಗುಡ್ಡ. ಹೆದ್ದಾರಿಯನ್ನು ಬಿಟ್ಟು ನಾಗರಮಡಿ ಜಲಪಾತದ ಕಡೆಗೆ ಹೊರಳಿದರೆ ಮಣ್ಣು, ಕಲ್ಲು, ಹಳ್ಳ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆ ಇದು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಕೊಡುವ ಜೀಪು ಇಂಥ ನೆಲಕ್ಕೆ ಹೇಳಿ ಮಾಡಿಸಿದ ಗಾಡಿ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರಖಾನೆಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಯುದ್ಧ ಮುಗಿದ ಮೇಲೆ, 1940ರ ದಶಕ ಮುಗಿಯುವ ಮೊದಲೇ, ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಅದನ್ನು ಜೋಡಿಸತೊಡಗಿದರು. ಆ ವಂಶದ ಗಾಡಿಗಳು, ಆಮೇಲೆ 1985ರಲ್ಲಿ ಬಂದ ಮಾರುತಿ ಜಿಪ್ಸಿ, ಇವನ್ನು ಅಕ್ಕರೆಯಿಂದ ಇಟ್ಟುಕೊಂಡವರು ಇಂದಿಗೂ ಇದ್ದಾರೆ. ಈ ಮಾತು ಅವರಿಗಾಗಿ. ಹಳೆಯ ಜೀಪಿನಲ್ಲಿ ಘಟ್ಟ ಹತ್ತಿ ಇಳಿಯುವ ಅವರ ಮನೆಯವರೂ ಕೇಳಬಹುದು.

ಎಂಜಿನ್ನಿನ ಎಣ್ಣೆಯನ್ನು ಎಲ್ಲರೂ ವಿಚಾರಿಸುತ್ತಾರೆ. ಕಡ್ಡಿ ಎಳೆದು ನೋಡುತ್ತಾರೆ, ಬಣ್ಣ ಕಪ್ಪಾಯಿತೆಂದು ಕಳವಳಪಡುತ್ತಾರೆ. ಗೇರುಪೆಟ್ಟಿಗೆಯನ್ನು ಕೇಳುವವರಿಲ್ಲ. ಅದು ಗಾಡಿಯ ಹೊಟ್ಟೆಯ ಕೆಳಗೆ ಇರುತ್ತದೆ, ನೋಡಲು ಕಡ್ಡಿಯೂ ಇಲ್ಲ. ಗ್ಯಾರೇಜಿನಲ್ಲಿ ಒಂದು ಪೀಪಾಯಿ ಇರುತ್ತದೆ, ಅದಕ್ಕೆ ‘ತೊಂಬತ್ತು ನಂಬರಿನ ಎಣ್ಣೆ’ ಎಂದು ಹೆಸರು. ಅದನ್ನೇ ಗೇರುಪೆಟ್ಟಿಗೆಗೂ ಹಾಕುತ್ತಾರೆ, ಹಿಂದಿನ ಅಚ್ಚಿನ ಕ್ರೌನ್ ಪಿನಿಯನ್ನಿಗೂ ಹಾಕುತ್ತಾರೆ. ತೊಂದರೆ ಹುಟ್ಟುವುದು ಇಲ್ಲಿ.

ತೊಂದರೆ ಎಂಥದು ಎಂದರೆ, ಯಲ್ಲಾಪುರದ ಕಡೆಯಿಂದ ಅರೆಬೈಲು ಘಟ್ಟ ಇಳಿದು ಅಂಕೋಲೆಗೆ ಬರುತ್ತಿದ್ದೀರಿ ಎನ್ನಿ. ಇಳಿಜಾರು ಬಿರುಸಾಯಿತು. ಮೂರನೆಯ ಗೇರಿನಿಂದ ಎರಡಕ್ಕೆ ಇಳಿಸಹೋದಿರಿ. ಗೇರು ಬೀಳಲಿಲ್ಲ, ಕರ್ರೆಂದು ಸದ್ದು ಮಾತ್ರ. ಈಗ ಗಾಡಿ ನ್ಯೂಟ್ರಲಿನಲ್ಲಿದೆ. ಎಂಜಿನ್ನು ಅದನ್ನು ತಡೆಹಿಡಿಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಹಳೆಯ ಜೀಪಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಕಾದರೆ ಅದರ ಹಿಡಿತ ಸಡಿಲ, ನೆನೆದರೂ ಸಡಿಲ. ಒಂದು ಲೀಟರು ಎಣ್ಣೆಯ ಆಯ್ಕೆಗೂ ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳಿಗೂ ಇಷ್ಟು ಹತ್ತಿರದ ಸಂಬಂಧವಿದೆ.

ಗೇರು ಏಕೆ ಬೀಳಲಿಲ್ಲ? ಇದನ್ನು ತಿಳಿಯಲು ಪೆಟ್ಟಿಗೆಯೊಳಗೆ ಸ್ವಲ್ಪ ಇಣುಕಬೇಕು. ಹಳೆಯ ಮೂರು ವೇಗದ ವಿಲ್ಲಿಸ್ ಪೆಟ್ಟಿಗೆಯಲ್ಲಿ ಎರಡನೆಯ ಮತ್ತು ಮೂರನೆಯ ಗೇರುಗಳಿಗೆ ಸಿಂಕ್ರೊನೈಸರ್ ಎಂಬ ಏರ್ಪಾಡು ಇದೆ. ಒಂದನೆಯದಕ್ಕೂ ರಿವರ್ಸಿಗೂ ಅದಿಲ್ಲ. ಅದಕ್ಕಾಗಿಯೇ ಹಳೆಯ ಚಾಲಕರು ಗಾಡಿ ಪೂರ್ತಿ ನಿಂತ ಮೇಲೆ ಒಂದನೆಯ ಗೇರು ಹಾಕುತ್ತಿದ್ದರು, ಇಲ್ಲವೆ ಡಬಲ್ ಕ್ಲಚ್ಚು ಮಾಡುತ್ತಿದ್ದರು. ಸಿಂಕ್ರೊನೈಸರಿನ ಜೀವವಿರುವುದು ಒಂದು ಹಳದಿ ಲೋಹದ ಬಳೆಯಲ್ಲಿ. ಅದು ಕಂಚಿನದೋ ಹಿತ್ತಾಳೆಯದೋ ಆಗಿರುತ್ತದೆ. ಅಂತೂ ತಾಮ್ರ ಬೆರೆತದ್ದು. ನೀವು ಗೇರುಕಡ್ಡಿ ಸರಿಸಿದಾಗ ಈ ಬಳೆ ತಿರುಗುತ್ತಿರುವ ಹಲ್ಲುಚಕ್ರದ ಇಳಿಜಾರು ಮೈಗೆ ಒತ್ತಿಕೊಳ್ಳುತ್ತದೆ, ಉಜ್ಜಿ ಹಿಡಿಯುತ್ತದೆ, ಎರಡರ ವೇಗವನ್ನೂ ಸಮ ಮಾಡುತ್ತದೆ. ವೇಗ ಸಮವಾದ ಕ್ಷಣಕ್ಕೆ ಹಲ್ಲಿಗೆ ಹಲ್ಲು ಸದ್ದಿಲ್ಲದೆ ಕೂಡುತ್ತದೆ. ಬಳೆಯ ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳಿರುತ್ತವೆ. ನಡುವೆ ಸಿಕ್ಕ ಎಣ್ಣೆಯನ್ನು ಕತ್ತರಿಸಿ ಆಚೆ ತಳ್ಳುವುದು ಆ ಗೆರೆಗಳ ಕೆಲಸ.

ಹೀಗಾಗಿ ಗೇರುಪೆಟ್ಟಿಗೆಯ ಎಣ್ಣೆಗೆ ಎರಡು ವಿರುದ್ಧವಾದ ಕೆಲಸಗಳು ಬಿದ್ದಿವೆ. ಹಲ್ಲುಗಳ ನಡುವೆ ಅದು ಜಾರಿಸಬೇಕು, ಬಳೆಯ ಬಳಿ ಜಾರಿಸಬಾರದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಾವಿಕಟ್ಟೆಯ ಮೇಲೆ ಕಾಲಿಟ್ಟವರಿಗೆ ಬಳೆಯ ಕಷ್ಟ ಅರ್ಥವಾದೀತು.

ಇನ್ನು ಅಚ್ಚಿನ ಕ್ರೌನ್ ಪಿನಿಯನ್ನಿನ ಕತೆ ಬೇರೆ. ಅಲ್ಲಿರುವುದು ಹೈಪಾಯ್ಡ್ ಎಂಬ ಜಾತಿಯ ಹಲ್ಲುಗಳು. ಪಿನಿಯನ್ನು ಕ್ರೌನಿನ ನಡುಗೆರೆಗೆ ನೇರವಾಗಿ ಇರುವುದಿಲ್ಲ, ತುಸು ಪಕ್ಕಕ್ಕೆ ಸರಿದಿರುತ್ತದೆ. ಅದರಿಂದ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಉದ್ದಕ್ಕೂ ತೀಡುತ್ತ ಸಾಗುತ್ತವೆ. ಆ ಒತ್ತಡಕ್ಕೆ ಸಾದಾ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಹರಿಯದಿರಲಿ ಎಂದು ಗಂಧಕ ಮತ್ತು ರಂಜಕದ ರಾಸಾಯನಿಕಗಳನ್ನು ಬೆರೆಸುತ್ತಾರೆ. ಕಾದ ಉಕ್ಕಿನ ಮೈಮೇಲೆ ಅವು ಒಂದು ತೆಳುವಾದ ಪದರ ಕಟ್ಟುತ್ತವೆ. ಸವೆದರೆ ಆ ಪದರ ಸವೆಯಲಿ, ಉಕ್ಕು ಉಳಿಯಲಿ ಎಂಬುದು ಉಪಾಯ. ಡಬ್ಬಿಯ ಮೇಲೆ ‘ಇ.ಪಿ.’ ಎಂದು ಬರೆದಿದ್ದರೆ ಇಂಥ ಬೆರಕೆ ಇದೆಯೆಂದು ತಿಳಿಯಬೇಕು. ಅತಿ ಒತ್ತಡ ತಡೆಯುವ ಎಣ್ಣೆ ಎಂದು ಅದರ ಅರ್ಥ.

ಅದೇ ಗಂಧಕ ತಾಮ್ರಕ್ಕೆ ಆಗದು. ದೇವರ ಮನೆಯ ತಾಮ್ರದ ಚೆಂಬು ಕಪ್ಪಾಗುವುದನ್ನು ನೀವು ಕಂಡಿದ್ದೀರಿ. ಬಿಸಿಯಾದ ಪೆಟ್ಟಿಗೆಯಲ್ಲಿ ಚುರುಕಾದ ಗಂಧಕವಿದ್ದರೆ ಬಳೆಗೂ ಅದೇ ಬಗೆಯ ಕಪ್ಪು ಹತ್ತುತ್ತದೆ. ಪ್ರತಿ ಸಲ ಗೇರು ಬದಲಿಸಿದಾಗಲೂ ಆ ಕಪ್ಪಿನ ಜತೆಗೆ ಒಂದಿಷ್ಟು ಲೋಹವೂ ಉಜ್ಜಿಹೋಗುತ್ತದೆ. ಎಣ್ಣೆ ಮಾಡುವವರು ಇದನ್ನು ಬಲ್ಲರು. ನಯಗೊಳಿಸಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಮೂರು ತಾಸು ಮುಳುಗಿಸಿಟ್ಟು, ಎಷ್ಟು ಕಪ್ಪಾಯಿತೆಂದು ನೋಡುವ ಪರೀಕ್ಷೆಯೇ ಇದೆ. ಈಚಿನ ಒಳ್ಳೆಯ ಎಣ್ಣೆಗಳು ಆ ಪರೀಕ್ಷೆಯಲ್ಲಿ ಮೊದಲಿನವಕ್ಕಿಂತ ಚೆನ್ನಾಗಿ ಗೆಲ್ಲುತ್ತವೆ ಎಂಬುದನ್ನೂ ಹೇಳಬೇಕು. ಆದರೆ ಕಪ್ಪು ಹತ್ತದಿದ್ದರೂ ಜಾರುವ ದೋಷ ಉಳಿದೇ ಇರುತ್ತದೆ. ಹೈಪಾಯ್ಡಿಗೆಂದು ಮಾಡಿದ ಎಣ್ಣೆ ಬಳೆಯ ಹಿಡಿತವನ್ನು ಕಡಿಮೆ ಮಾಡುತ್ತದೆ.

ಹಾಗಾದರೆ ಅಂಗಡಿಯಲ್ಲಿ ಏನನ್ನು ಕೇಳಬೇಕು? ಡಬ್ಬಿಯ ಮೇಲೆ ಎರಡು ಗುರುತುಗಳಿರುತ್ತವೆ. ಒಂದು ಎಣ್ಣೆಯ ದಪ್ಪವನ್ನು ಹೇಳುತ್ತದೆ, ಇನ್ನೊಂದು ಅದರ ಗುಣವನ್ನು. ಜನ ದಪ್ಪವನ್ನು ಮಾತ್ರ ಓದುತ್ತಾರೆ. ಗುಣದ ಗುರುತು ಎಂದರೆ ‘ಜಿ.ಎಲ್.’ ಎಂಬ ಅಕ್ಷರಗಳ ಮುಂದಿರುವ ಅಂಕಿ. ಜಿ.ಎಲ್.1 ಎಂದರೆ ಅತಿ ಒತ್ತಡದ ಬೆರಕೆ ಇಲ್ಲದ ಸಾದಾ ಖನಿಜ ಎಣ್ಣೆ. ಜಿ.ಎಲ್.4ರಲ್ಲಿ ಹದವಾದ ಬೆರಕೆ. ಜಿ.ಎಲ್.5 ಹೈಪಾಯ್ಡಿನ ಎಣ್ಣೆ; ಅದರಲ್ಲಿ ಬೆರಕೆ ಸಾಮಾನ್ಯವಾಗಿ ಜಿ.ಎಲ್.4ರ ಸುಮಾರು ಇಮ್ಮಡಿ. ಅಂಕಿ ದೊಡ್ಡದಾದರೆ ಎಣ್ಣೆ ಮೇಲು ಎಂದು ಅಂಗಡಿಯವರು ಹೇಳುವುದುಂಟು, ಬೆಲೆಯೂ ಹಾಗೆಯೇ ಇರುತ್ತದೆ. ಇದು ಶಾಲೆಯ ತರಗತಿಯಲ್ಲ. ಐದನೆಯದು ನಾಲ್ಕನೆಯದಕ್ಕಿಂತ ಜಾಣ ಎಂದಲ್ಲ, ಅದರ ಕೆಲಸ ಬೇರೆ ಎಂದು ಅಷ್ಟೆ.

ಹಳೆಯ ವಿಲ್ಲಿಸ್ ಮತ್ತು ಮಹೀಂದ್ರ ಜೀಪಿನ ಗೇರುಪೆಟ್ಟಿಗೆಗೂ ಅದಕ್ಕೆ ಅಂಟಿಕೊಂಡ ಟ್ರಾನ್ಸ್‌ಫರ್ ಪೆಟ್ಟಿಗೆಗೂ ತೊಂಬತ್ತರ ದಪ್ಪದ ಜಿ.ಎಲ್.4 ಎಣ್ಣೆ ಹೊಂದುತ್ತದೆ. ಆ ಗಾಡಿಗಳು ಹುಟ್ಟಿದ ಕಾಲಕ್ಕೆ ಕಾರಖಾನೆ ಹೇಳಿದ್ದು ಸಾದಾ ಖನಿಜ ಎಣ್ಣೆಯನ್ನು. ಅದು ಒಳ್ಳೆಯದು ಸಿಕ್ಕರೆ ಬೇಡವೆನ್ನಬೇಕಾಗಿಲ್ಲ. ಎರಡೂ ಅಚ್ಚುಗಳಿಗೆ ಮಾತ್ರ ಜಿ.ಎಲ್.5 ಬೇಕೇ ಬೇಕು. ಒಂದೇ ಗಾಡಿಗೆ ಎರಡು ಡಬ್ಬಿ ಏಕೆಂದು ಮೇಸ್ತ್ರಿ ಗೊಣಗಬಹುದು. ಗೊಣಗಲಿ. ಒಂದೇ ಡಬ್ಬಿಯ ಮೇಲೆ ನಾಲ್ಕು, ಐದು ಎರಡನ್ನೂ ಬರೆದ ಎಣ್ಣೆಗಳೂ ಬರುತ್ತವೆ. ಬಳೆಗಳು ಸುಲಭವಾಗಿ ಸಿಗದ ಹಳೆಯ ಪೆಟ್ಟಿಗೆಗೆ ನಾನು ಅವನ್ನು ಹಾಕಲಾರೆ. ಜಿಪ್ಸಿ ಇದ್ದವರೂ, ಆಮೇಲಿನ ನಾಲ್ಕೈದು ವೇಗದ ಜೀಪು ಇದ್ದವರೂ ತಮ್ಮ ಗಾಡಿಯ ಕೈಪಿಡಿಯನ್ನು ತೆರೆದು ನೋಡುವುದು ಲೇಸು. ಏಕೆಂದರೆ ಎಂಜಿನ್ ಎಣ್ಣೆಯನ್ನೇ ಬೇಡುವ ಗೇರುಪೆಟ್ಟಿಗೆಗಳೂ ಜಗತ್ತಿನಲ್ಲಿವೆ. ಕೈಪಿಡಿ ಹೇಳಿದ ಮೇಲೆ ನಮ್ಮ ನಿಮ್ಮ ಮಾತಿಗೆ ಅಲ್ಲಿ ಎಡೆಯಿಲ್ಲ.

ದಪ್ಪದ ವಿಚಾರ ಇಷ್ಟು ತೊಡಕಿನದಲ್ಲ. ತೊಂಬತ್ತು ಎಂಬ ಅಂಕಿ ನೋಡಿ ಅದು ಎಂಜಿನ್ನಿನ ನಲವತ್ತರ ಎಣ್ಣೆಗಿಂತ ಎರಡು ಪಟ್ಟು ಮಂದ ಎಂದು ತಿಳಿಯಬೇಡಿ. ಎರಡಕ್ಕೂ ಅಳತೆಗೋಲು ಬೇರೆ ಬೇರೆ. ಗೇರಿನ 90 ಎಂಜಿನ್ನಿನ 40, 50ರ ಆಸುಪಾಸಿನದು. ‘80 ಡಬ್ಲ್ಯೂ 90’ ಎಂದಿದ್ದರೆ ಮೊದಲಿನ ಅಂಕಿ ಚಳಿಗೆ, ಎರಡನೆಯದು ಕಾದಾಗಿನ ಸ್ಥಿತಿಗೆ. ‘75 ಡಬ್ಲ್ಯೂ’ ಎಣ್ಣೆಯನ್ನು ಪರೀಕ್ಷಿಸುವುದು ಶೂನ್ಯಕ್ಕಿಂತ 40 ಡಿಗ್ರಿ ಕೆಳಗೆ. ಕಾರವಾರದ ಚಳಿಗಾಲದ ರಾತ್ರಿ 15 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಅಪರೂಪ. ಲಡಾಖಿಗೆ ಹೋಗುವ ಯೋಚನೆ ಇಲ್ಲದಿದ್ದರೆ ಆ ಅಂಕಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಸವೆದ ಪೆಟ್ಟಿಗೆ ಗುಂಯ್‌ಗುಡುತ್ತದೆಂದು ನೂರಾ ನಲವತ್ತರ ಮಂದ ಎಣ್ಣೆ ಹಾಕುವವರಿದ್ದಾರೆ. ಸದ್ದು ತಗ್ಗುತ್ತದೆ, ನಿಜ. ಆದರೆ ಬಳೆ ಆ ಮಂದ ಪೊರೆಯನ್ನು ಕತ್ತರಿಸಲು ತಡಮಾಡುತ್ತದೆ; ಬೆಳಗಿನ ಹೊತ್ತು ಗೇರು ಬೀಳುವುದೇ ಕಷ್ಟ. ಗ್ರೀಸು ತುಂಬುವುದು ಇನ್ನೂ ಕೆಟ್ಟದ್ದು. ತಿರುಗುವ ಹಲ್ಲು ಗ್ರೀಸಿನಲ್ಲಿ ತನಗೊಂದು ಕಾಲುವೆ ತೋಡಿಕೊಳ್ಳುತ್ತದೆ, ಎಣ್ಣೆಯಂತೆ ಅದು ಮರಳಿ ಬಂದು ಕೂಡಿಕೊಳ್ಳುವುದಿಲ್ಲ. ಹಳೆಯ ಗಾಡಿ ಮಾರುವ ಚತುರರು ಮರದ ಹೊಟ್ಟು ತುಂಬಿ ಸದ್ದಡಗಿಸುವುದು ಲೋಕದಲ್ಲೆಲ್ಲ ನಡೆದ ಹಳೆಯ ವಿದ್ಯೆ. ಹಳೆಯ ಜೀಪು ಕೊಂಡವರು ಮೊದಲ ವಾರದಲ್ಲೇ ಎಣ್ಣೆ ಇಳಿಸಿ ನೋಡುವುದಕ್ಕೆ ಇದೊಂದೇ ಕಾರಣ ಸಾಕು.

ಎಣ್ಣೆಯನ್ನು ದೂರುವ ಮೊದಲು ಕ್ಲಚ್ಚನ್ನು ವಿಚಾರಿಸಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾಡಿ ನಿಂತಿರುವಾಗ, ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ, ಕ್ಲಚ್ಚನ್ನು ಪೂರ್ತಿ ತುಳಿದು ಹತ್ತು ಎಣಿಸಿ ಆಮೇಲೆ ರಿವರ್ಸ್ ಹಾಕಿ. ಆಗಲೂ ಕರ್ರೆಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ. ಯಾವ ಎಣ್ಣೆಯೂ ಅದನ್ನು ಸರಿಮಾಡಲಾರದು.

ಈಗ ಎಣ್ಣೆ ಬದಲಿಸುವ ಕ್ರಮ. ಗಾಡಿಯನ್ನು ಎಂಟು ಹತ್ತು ಕಿಲೋಮೀಟರು ಓಡಿಸಿ ತಂದು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಬಿಸಿ ಎಣ್ಣೆ ಕಸವನ್ನೆಲ್ಲ ಹೊತ್ತುಕೊಂಡು ಇಳಿಯುತ್ತದೆ. ಮೊದಲು ಬಿಚ್ಚಬೇಕಾದದ್ದು ಕೆಳಗಿನ ಬಿರಡೆಯನ್ನಲ್ಲ, ಪಕ್ಕದಲ್ಲಿರುವ ತುಂಬುವ ಬಿರಡೆಯನ್ನು. ಕಡಲ ದಂಡೆಯ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಸಾಮಾನ್ಯ. ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಅದು ಬಿಚ್ಚಿ ಬಾರದಿದ್ದರೆ ಗಾಡಿ ಅಂಗಳದಲ್ಲೇ ಉಳಿಯಿತು.

ಇಳಿದ ಎಣ್ಣೆಯನ್ನು ಬಿಳಿಯ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಸ್ವಲ್ಪವಿದ್ದರೆ ಹೆದರಬೇಕಾಗಿಲ್ಲ. ಅಯಸ್ಕಾಂತ ಆಡಿಸಿದರೆ ಅದು ಹತ್ತಿಕೊಳ್ಳುತ್ತದೆ, ಅದು ಉಕ್ಕಿನ ಸಹಜವಾದ ಸವೆತ. ಅಯಸ್ಕಾಂತಕ್ಕೆ ಹತ್ತದೆ ಹೊನ್ನಿನ ಪುಡಿಯಂತೆ ಹೊಳೆಯುವುದು ಹೆಚ್ಚಾಗಿದ್ದರೆ ಬಳೆ ಕರಗುತ್ತಿದೆ. ಹಲ್ಲಿನ ಚೂರು ಸಿಕ್ಕರೆ ಪೆಟ್ಟಿಗೆಯನ್ನು ಬಿಚ್ಚಿಸಲೇಬೇಕು. ಎಣ್ಣೆ ಹಾಲು ಹೆಚ್ಚಾದ ಚಹದಂತಿದ್ದರೆ ನೀರು ಹೊಕ್ಕಿದೆ.

ನೀರು ಎಲ್ಲಿಂದ ಬಂತು? ಕಾದ ಪೆಟ್ಟಿಗೆ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಗಾಳಿ ಸವೆದ ಸೀಲಿನ ಸಂದಿನಿಂದ ನೀರನ್ನು ಒಳಗೆ ಹೀರುತ್ತದೆ. ಉಸಿರಾಟಕ್ಕೆಂದು ಇಟ್ಟ ಸಣ್ಣ ರಂಧ್ರ ಕೆಸರಿನಿಂದ ಮುಚ್ಚಿದ್ದರಂತೂ ಬೇರೆ ದಾರಿಯೇ ಇಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿದ ಜೀಪಿಗೆ ಕಿಲೋಮೀಟರಿನ ಲೆಕ್ಕ ಹಿಡಿಯದೆ, ಮಳೆ ನಿಂತ ಮೇಲೆ ದೀಪಾವಳಿಯ ಒಳಗೆ ಒಮ್ಮೆ ಎಣ್ಣೆ ನೋಡಬೇಕು. ಬಣ್ಣ ಕೆಟ್ಟಿದ್ದರೆ ಇಳಿಸಿ, ಹೊಸದು ಹಾಕಿ, ನೂರಿನ್ನೂರು ಕಿಲೋಮೀಟರು ಓಡಿಸಿ ಮತ್ತೊಮ್ಮೆ ಇಳಿಸಬೇಕು. ಹಿಂದಿನವರು ಯಾವ ಎಣ್ಣೆ ಹಾಕಿದ್ದರೆಂದು ತಿಳಿಯದ ಗಾಡಿಗೂ ಇದೇ ಉಪಚಾರ. ಸೀಮೆಎಣ್ಣೆ ಸುರಿದು ತೊಳೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮೂಲೆಯಲ್ಲಿ ಉಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ನೀರು ಮಾಡುತ್ತದೆ.

ಮೂರು ವೇಗದ ಹಳೆಯ ಗೇರುಪೆಟ್ಟಿಗೆಗೆ ಸುಮಾರು ಒಂದು ಲೀಟರು, ಟ್ರಾನ್ಸ್‌ಫರಿಗೆ ಒಂದೂವರೆ ಲೀಟರು ಹಿಡಿಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ಇಳಿಸಿ ಬೇರೆಬೇರೆಯಾಗಿ ತುಂಬಬೇಕು. ಎಣ್ಣೆ ಮಾತ್ರ ಒಂದೇ ಇರಲಿ, ನಡುವಿನ ಸೀಲು ಸವೆದಿದ್ದರೆ ಒಂದರದ್ದು ಇನ್ನೊಂದಕ್ಕೆ ಹರಿಯುತ್ತದೆ. ತುಂಬುವ ರಂಧ್ರದ ಕೆಳ ಅಂಚಿಗೆ ಎಣ್ಣೆ ಬಂದು ತುಳುಕಿದಾಗ ನಿಲ್ಲಿಸಿ. ಹೆಚ್ಚು ತುಂಬಿದರೆ ಅದು ಸೀಲು ಮೀರಿ ಕ್ಲಚ್ಚಿನ ಮೇಲೆ ಹೋದೀತು. ಇಳಿಸಿದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ ಚೆಲ್ಲಬೇಡಿ. ಚೆಂಡಿಯಾದ ಹಳ್ಳದ ನೀರು ಕಡಲನ್ನೇ ಸೇರುವುದು, ದಾರಿಯಲ್ಲಿ ಬಾವಿಗಳೂ ಇವೆ. ಡಬ್ಬಿಯಲ್ಲಿ ತುಂಬಿ ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಿ. ಯಾವ ದಿನ, ಯಾವ ಪೆಟ್ಟಿಗೆಗೆ, ಜಿ.ಎಲ್. ಎಷ್ಟರದು ಹಾಕಿದಿರೆಂದು ಒಂದು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರಗಳ ಜತೆಗೆ ಇಡಿ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಆ ಚೀಟಿಯನ್ನು ಮೇಸ್ತ್ರಿಯವರ ಕೈಗೆ ಕೊಟ್ಟರಾಯಿತು.