ಮೂಲೆಯ ಹೂವು

ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರ ಕಸಕ್ಕೆ ಹೋಗುತ್ತಿರಲಿಲ್ಲ; ತುಂಡು ಕೂಡಿಸಿ ಹೊಲಿದು ಹೊದೆಯುವ ಕೌದಿಯಾಗುತ್ತಿತ್ತು. ಉಟ್ಟು, ಒಗೆದು ಮೆತ್ತಗಾದ ಅರಿವೆಗೇ ಸೂಜಿ ಸಲೀಸಾಗಿ ಇಳಿಯುವುದು. ಹೊಸ ಬಟ್ಟೆಗೆ ಇಲ್ಲಿ ಕಿಮ್ಮತ್ತಿಲ್ಲ!

ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಈ ಕೌದಿಯನ್ನೇ ಕವಂದಿ ಅನ್ನುತ್ತಾರೆ. ಒಂದು ಮೂಲೆಯಲ್ಲಿ ಶುರುಮಾಡಿ, ಅಂಚಿನಗುಂಟ ಬಣ್ಣಬಣ್ಣದ ತುಂಡು ಕೂರಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿ ಮಾಡಿದ ಪುಟ್ಟ ತ್ರಿಕೋನ. ಅದರ ಹೆಸರು ‘ಫುಲಾ’, ಅಂದರೆ ಹೂವು. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬರೀ ಬತ್ತಲೆ.

ಚಳಿ ತಡೆಯಲು ಹೂವು ಬೇಕಿಲ್ಲ, ನಿಜ. ಆದರೂ ಹೊಲಿಯುತ್ತಾರೆ.

ಬೀರುವಿನ ತಳದಲ್ಲಿ ಅಮ್ಮನ ಹಳೇ ಸೀರೆಯಿದ್ದರೆ, ಸ್ಟೀಲ್ ಪಾತ್ರೆಯವಳಿಗೆ ಕೊಡುವ ಮುನ್ನ ಇವತ್ತೊಮ್ಮೆ ಹೊರಗೆ ತೆಗೆಯಿರಿ. ಸೂಜಿ, ದಾರ ಮನೆಯಲ್ಲೇ ಇರುತ್ತವೆ.